ಮುಕ್ತ ತಂತ್ರಾಂಶಗಳ ಸಾಮುದಾಯಿಕ ದೋಷನಿವಾರಣೆ

ಸರ್ವರ್ ಹಾಗೂ ಪ್ರೋಗ್ರಾಮಿಂಗ್ ಕೆಲಸಕ್ಕೆ ಬಳಸುವ ಮುಕ್ತ ತಂತ್ರಾಂಶಗಳಲ್ಲಿ ತಲೆದೋರುವ ದೋಷಗಳನ್ನು, ಮಾರಾಟ ಸಂಸ್ಥೆಯ ಸೇವಾ ಒಪ್ಪಂದವನ್ನು ನೆಚ್ಚದೆ, ಬಳಕೆದಾರರು, ತಂತ್ರಾಂಶ ಬರೆದವರು ಮತ್ತು ಇತರ ಸ್ವಯಂಸೇವಕರು ಕೂಡಿ ಪತ್ತೆಹಚ್ಚಿ ಸರಿಪಡಿಸುವ ಪದ್ಧತಿಗೆ ಸಾಮುದಾಯಿಕ ದೋಷನಿವಾರಣೆ ಎಂದು ಹೆಸರು. ಇಲ್ಲಿ ನೆರವು ಕೇಳುವವರು ಹಣ ಕೊಡಬೇಕಾಗಿಲ್ಲ, ಪುರಾವೆ ಕೊಡಬೇಕು. ಯಾವ ಆವೃತ್ತಿ, ಏನು ಮಾಡಿದಾಗ, ಯಾವ ಸಂದೇಶ ಬಂತು ಎಂಬ ವಿವರವೇ ಇಲ್ಲಿ ಶುಲ್ಕದ ಜಾಗದಲ್ಲಿದೆ. ಪದ್ಧತಿಯ ಸಾಮಾನ್ಯ ಸ್ವರೂಪ, ಕರ್ನಾಟಕದಲ್ಲಿ ಅದು ಬೆಳೆದ ಬಗೆ, ಶಿವಮೊಗ್ಗ ನಗರ ಮತ್ತು ಭದ್ರಾವತಿಯಲ್ಲಿ ಅದಕ್ಕಿರುವ ನೆಲೆ, ಕನ್ನಡ ಲಿಪಿಗೆ ಸಂಬಂಧಿಸಿದ ದೋಷಗಳು ಈ ಲೇಖನದ ವ್ಯಾಪ್ತಿಯಲ್ಲಿವೆ.

ಪರಿಭಾಷೆ

ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂದು ಪರವಾನಗಿಯಲ್ಲೇ ಬರೆದಿರುವ ತಂತ್ರಾಂಶ ಮುಕ್ತ ತಂತ್ರಾಂಶ. ಬಳಕೆದಾರನ ಹಕ್ಕಿಗೆ ಒತ್ತು ಕೊಡುವವರು ಇದನ್ನು ಸ್ವತಂತ್ರ ತಂತ್ರಾಂಶ ಎನ್ನುತ್ತಾರೆ. ‘ಮುಕ್ತ ಆಕರ’ ಎಂಬ ಹೆಸರು 1998ರಿಂದ ಬಳಕೆಗೆ ಬಂದದ್ದು. ಪುಕ್ಕಟೆ ಸಿಗುವುದೆಲ್ಲ ಮುಕ್ತವಲ್ಲ: 1998ರಲ್ಲಿ ಹೊರಬಂದು ಕನ್ನಡಿಗರ ಮನೆಮಾತಾದ ‘ಬರಹ’ ಬಹುಕಾಲ ಉಚಿತವಾಗಿ ದೊರೆಯುತ್ತಿತ್ತು, ಆದರೆ ಅದರ ಮೂಲಸಂಕೇತ ಮುಕ್ತವಾಗಿರಲಿಲ್ಲ.

ಸರ್ವರ್ ಎಂಬ ಮಾತಿಗೆ ಎರಡು ಅರ್ಥವಿದೆ: ಇತರ ಗಣಕಗಳ ಕೋರಿಕೆಗೆ ಉತ್ತರಿಸುವ ಯಂತ್ರ ಒಂದು, ಆ ಯಂತ್ರದಲ್ಲಿ ಓಡುತ್ತ ಆ ಕೆಲಸ ಮಾಡುವ ತಂತ್ರಾಂಶ ಇನ್ನೊಂದು. ಪಡಿತರ ಅಂಗಡಿಯಿಂದ ಹಿಡಿದು ಕಚೇರಿಗಳವರೆಗೆ ‘ಸರ್ವರ್ ಇಲ್ಲ’, ‘ಸರ್ವರ್ ಡೌನ್’ ಎಂಬ ಮಾತು ರೂಢಿಯಲ್ಲಿದೆ. ಜಾಲಸಂಪರ್ಕ ಕಡಿದಿರುವುದು, ಬೆರಳಗುರುತು ಓದುವ ಯಂತ್ರ ಕೆಟ್ಟಿರುವುದು, ದತ್ತಸಂಚಯ (ಡೇಟಾಬೇಸ್) ನಿಂತಿರುವುದು ಎಲ್ಲಕ್ಕೂ ಜನಬಳಕೆಯಲ್ಲಿ ಅದೊಂದೇ ಹೆಸರು. ಈ ಮೂರನ್ನು ಬೇರ್ಪಡಿಸುವುದೇ ದೋಷನಿವಾರಣೆಯ ಮೊದಲ ಕೆಲಸ.

ಮೂಲಸಂಕೇತದಲ್ಲೇ ಇರುವ ತಪ್ಪು ‘ದೋಷ’ ಅಥವಾ ‘ಬಗ್’. ತಂತ್ರಾಂಶ ಸರಿಯಿದ್ದು, ಅದನ್ನು ಹೊಂದಿಸಿದ ಬಗೆ ತಪ್ಪಾಗಿದ್ದರೆ ಅದು ‘ಸಂರಚನೆಯ ತಪ್ಪು’. ಮೂಲಸಂಕೇತಕ್ಕೆ ಹಾಕುವ ಸಣ್ಣ ತಿದ್ದುಪಡಿ ‘ತೇಪೆ’ ಅಥವಾ ‘ಪ್ಯಾಚ್’. ತಂತ್ರಾಂಶ ತನ್ನ ಕೆಲಸವನ್ನು ತಾನೇ ಸಾಲುಸಾಲಾಗಿ ಬರೆದಿಡುವ ಕಡತ ‘ಲಾಗ್’.

ಹುಟ್ಟು

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಮುಕ್ತ ತಂತ್ರಾಂಶ ಚಳವಳಿಯ ಆರಂಭ. 1989ರಲ್ಲಿ ಬಂದ ಗ್ನೂ ಸಾರ್ವಜನಿಕ ಪರವಾನಗಿಯಲ್ಲಿ ಹಕ್ಕುಗಳ ಜೊತೆಗೆ ಇನ್ನೊಂದು ಕಲಮೂ ಇದೆ: ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ, ಕೆಟ್ಟರೆ ಬರೆದವರು ಹೊಣೆಯಲ್ಲ. ಹೊಣೆಗಾರರಿಲ್ಲದ ಕಡೆ ನೆರವಿನ ಬೇರೆ ದಾರಿ ಬೇಕಾಯಿತು, ಮೂಲಸಂಕೇತ ಎಲ್ಲರ ಮುಂದಿದ್ದುದರಿಂದ ಆ ದಾರಿ ಸಾಧ್ಯವೂ ಆಯಿತು. ಸಾಮುದಾಯಿಕ ದೋಷನಿವಾರಣೆ ಈ ಎರಡರ ಕೂಡಲಲ್ಲಿ ಹುಟ್ಟಿತು.

ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಮ್ಮ ಹೊಸ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ಯೂಸ್‌ನೆಟ್ ಚರ್ಚಾಗುಂಪಿಗೆ ತಿಳಿಸಿ ಅಭಿಪ್ರಾಯ ಕೇಳಿದರು. ಅದೇ ಮುಂದೆ ಲಿನಕ್ಸ್ ಆಯಿತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆ, ದೋಷವರದಿಗಳಿಗೆ ಕ್ರಮಸಂಖ್ಯೆ ಕೊಟ್ಟು ಎಲ್ಲರ ಕಣ್ಣೆದುರಿಗೇ ಇಡುವ ವ್ಯವಸ್ಥೆಯನ್ನು ಬೇಗನೆ ರೂಢಿಸಿತು.

ಅಪಾಚೆ ವೆಬ್ ಸರ್ವರ್‌ನ ಇತಿಹಾಸ ಇಲ್ಲಿ ವಿಶೇಷವಾಗಿ ಹೇಳಬೇಕಾದದ್ದು, ಏಕೆಂದರೆ ಅದು ಹುಟ್ಟಿದ್ದೇ ದೋಷನಿವಾರಣೆಯಿಂದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಒಂದು ವೆಬ್ ಸರ್ವರ್ ಬರೆದಿದ್ದರು. 1994ರ ನಡುಭಾಗದಲ್ಲಿ ಅವರು ಕೇಂದ್ರ ಬಿಟ್ಟ ಮೇಲೆ ಅದರ ಕೆಲಸ ನಿಂತಿತು. ಬಳಸುತ್ತಿದ್ದವರು ಕಂಡ ದೋಷಗಳಿಗೆ ತಂತಮ್ಮಲ್ಲೇ ತೇಪೆ ಹಾಕಿಕೊಂಡು ದಿನ ದೂಡುತ್ತಿದ್ದರು. 1995ರ ಫೆಬ್ರವರಿಯಲ್ಲಿ ಎಂಟು ಮಂದಿಯ ಗುಂಪೊಂದು ಇಮೇಲ್ ಮೂಲಕ ಈ ತೇಪೆಗಳನ್ನು ಒಟ್ಟುಮಾಡಿತು. ಏಪ್ರಿಲ್‌ನಲ್ಲಿ ಅಪಾಚೆಯ ಮೊದಲ ಸಾರ್ವಜನಿಕ ಆವೃತ್ತಿ ಹೊರಬಂತು. ಮೈಎಸ್‌ಕ್ಯೂಎಲ್ ದತ್ತಸಂಚಯ ಮತ್ತು ಪಿಎಚ್‌ಪಿ ಭಾಷೆಯೂ ಅದೇ 1995ರವು. ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಈ ನಾಲ್ಕರ ಕೂಟಕ್ಕೆ ‘ಲ್ಯಾಂಪ್’ ಎಂಬ ಹೆಸರು ಬಿತ್ತು. ಸಣ್ಣ ಊರುಗಳ ಕಾಲೇಜು, ಸಂಘಸಂಸ್ಥೆ, ಅಂಗಡಿಗಳ ಅನೇಕ ಜಾಲತಾಣಗಳು ಈಗಲೂ ಇದೇ ಕೂಟದ ಮೇಲೆ ನಿಂತಿವೆ.

2005ರಲ್ಲಿ ಗಿಟ್, 2008ರಲ್ಲಿ ಗಿಟ್‌ಹಬ್ ಮತ್ತು ಸ್ಟ್ಯಾಕ್ ಓವರ್‌ಫ್ಲೋ ಬಂದವು. ಒಂದರಲ್ಲಿ ತಿದ್ದುಪಡಿಗಳ ಚರಿತ್ರೆ, ಇನ್ನೊಂದರಲ್ಲಿ ದೋಷವರದಿ, ಮತ್ತೊಂದರಲ್ಲಿ ಪ್ರಶ್ನೋತ್ತರ ಎಂದು ಕೆಲಸ ಹಂಚಿಹೋಯಿತು.

ಕರ್ನಾಟಕದಲ್ಲಿ ಬೆಳವಣಿಗೆ

ಅಂತರಜಾಲ ನಿಧಾನವೂ ದುಬಾರಿಯೂ ಆಗಿದ್ದ 1990ರ ದಶಕದಲ್ಲಿ ಲಿನಕ್ಸ್ ಭಾರತದ ಓದುಗರಿಗೆ ತಲುಪಿದ್ದು ಮುಖ್ಯವಾಗಿ ಪಿಸಿಕ್ವೆಸ್ಟ್ ಪತ್ರಿಕೆ 1996ರಿಂದ ಹಂಚಿದ ಸಿ.ಡಿ.ಗಳ ಮೂಲಕ. ಆ ಪ್ರಯತ್ನದ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರು ಲಿನಕ್ಸ್ ಬಳಕೆದಾರರ ಗುಂಪಿನ ಮುಂಚೂಣಿಯಲ್ಲೂ ಇದ್ದರು. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಪೈಥಾನ್ ಭಾಷೆಯ ಅಖಿಲ ಭಾರತ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲು ನಡೆದದ್ದು 2009ರಲ್ಲಿ, ಬೆಂಗಳೂರಿನಲ್ಲಿಯೇ.

ಕನ್ನಡದಲ್ಲಿ ಈ ತಿಳಿವಳಿಕೆ ಹರಡಿದ ದಾರಿ ಬೇರೆ. ಅಲ್ಲಿ ಮೊದಲು ಬಂದದ್ದು ಸರ್ವರ್ ಅಲ್ಲ, ಲಿಪಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ ಜಾಲತಾಣ ದ್ರುಪಲ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಮೇಲೆ ನಿಂತವು. ಕನ್ನಡ ಅಕ್ಷರ ಸರಿಯಾಗಿ ಕಾಣದು, ಹುಡುಕಿದರೆ ಸಿಗದು ಎಂಬ ದೂರುಗಳನ್ನು ಹಿಡಿದು ಹೊರಟವರು ಸರ್ವರ್‌ನ ಒಳಗನ್ನು ಕಲಿತರು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ದ ಹೆಸರಿನಲ್ಲಿ ಲಿನಕ್ಸ್ ಬಳಕೆಯ ಪಾಠಗಳನ್ನು ಕನ್ನಡದಲ್ಲಿ ಬರೆದರು. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’, ‘ನವಿಲು’ ಅಕ್ಷರಶೈಲಿಗಳು ಡೆಬಿಯನ್ ಭಂಡಾರ ಸೇರಿದವು.

ಸಂಘಟನೆಯ ಮಟ್ಟದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಬಳಗಗಳನ್ನು ಕಟ್ಟಿತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಪಿಎಚ್‌ಪಿ, ಪೈಥಾನ್ ಮುಂತಾದವುಗಳ ಪಾಠಗಳಿಗೆ ಕನ್ನಡದ ಧ್ವನಿ ಕೊಟ್ಟಿದೆ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ರೂಪುಗೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಮೀಡಿಯಾವಿಕಿಯದೇ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರ ಸರ್ಕಾರದ ನೀತಿ 2015ರಲ್ಲಿ ಪ್ರಕಟವಾಯಿತು. 2020ರಲ್ಲಿ ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್ ಪ್ರತಿಷ್ಠಾನ ನೆಲೆಗೊಂಡಿತು.

ಶಿವಮೊಗ್ಗ ಮತ್ತು ಭದ್ರಾವತಿ

ಸುಮಾರು 20 ಕಿ.ಮೀ. ಅಂತರದಲ್ಲಿರುವ ಈ ಎರಡು ಊರುಗಳಲ್ಲಿ ಮುಕ್ತ ತಂತ್ರಾಂಶದ ಬಳಕೆಗೆ ಮುಖ್ಯ ನೆಲೆ ಕಾಲೇಜುಗಳ ಪ್ರಯೋಗಾಲಯ. ಶಿವಮೊಗ್ಗದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ, ಪಿಇಎಸ್ ತಾಂತ್ರಿಕ ಮತ್ತು ನಿರ್ವಹಣಾ ಸಂಸ್ಥೆ 2007ರಲ್ಲಿ ಆರಂಭವಾದವು; ಎರಡೂ 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನ ಸಹ್ಯಾದ್ರಿ’ ಇರುವ ಶಂಕರಘಟ್ಟ ಭದ್ರಾವತಿ ತಾಲ್ಲೂಕಿನದು. ಭದ್ರಾವತಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಬೊಮ್ಮನಕಟ್ಟೆಯ ಸರ್ ಎಂ.ವಿ. ಸರ್ಕಾರಿ ವಿಜ್ಞಾನ ಕಾಲೇಜು ಇವೆ. ಎರಡು ಊರುಗಳ ನಡುವಿನ ಮಾಚೇನಹಳ್ಳಿಯಲ್ಲಿ ಕಿಯೋನಿಕ್ಸ್ ಐ.ಟಿ. ಪಾರ್ಕ್ ಇದೆ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಹೆಸರಾದ ಭದ್ರಾವತಿಯಲ್ಲಿ ತಂತ್ರಾಂಶ ಎರಡನೆಯ ತಲೆಮಾರಿನ ಕಸುಬು.

ಇಂಥ ಊರುಗಳಲ್ಲಿ ನೆರವು ಹರಿಯುವ ದಾರಿಗೆ ಒಂದು ಕ್ರಮವಿರುತ್ತದೆ. ಪ್ರಯೋಗಾಲಯದಲ್ಲಿ ಎರರ್ ಬಂದಾಗ ಮೊದಲು ಪಕ್ಕದ ಸಹಪಾಠಿ, ಆಮೇಲೆ ಲ್ಯಾಬ್ ಬೋಧಕರು, ಅನಂತರ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೀನಿಯರ್ ಅಣ್ಣನೋ ಅಕ್ಕನೋ. ಇವರಿಗೂ ತಿಳಿಯದ ದೋಷ ಮಾತ್ರ ಅಂತರರಾಷ್ಟ್ರೀಯ ಸಮುದಾಯದ ಮುಂದೆ ಹೋಗುತ್ತದೆ. ಮೊದಲ ಮೂರು ಮೆಟ್ಟಿಲಲ್ಲಿ ಮಾತುಕತೆ ಕನ್ನಡದಲ್ಲಿ, ಬಾಯಿಮಾತಿನಲ್ಲಿ ಮುಗಿಯುವುದರಿಂದ ಪರಿಹಾರ ಎಲ್ಲೂ ದಾಖಲಾಗುವುದಿಲ್ಲ. ಮುಂದಿನ ವರ್ಷದ ತಂಡ ಅದೇ ದೋಷವನ್ನು ಮತ್ತೆ ಮೊದಲಿನಿಂದ ಬಿಡಿಸುತ್ತದೆ.

ಮಲೆನಾಡಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಜೋಗದ ವಿದ್ಯುತ್ತು ಜಿಲ್ಲೆಯದೇ ಆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು ಇಲ್ಲಿ ಹೊಸದಲ್ಲ. ದತ್ತಸಂಚಯ ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅದರ ಕೋಷ್ಟಕ ಹಾಳಾಗಬಹುದು. ಮೈಎಸ್‌ಕ್ಯೂಎಲ್‌ನ ಹಳೆಯ ಶೇಖರಣಾ ವಿಧಾನವಾದ ಮೈಐಸ್ಯಾಮ್‌ನಲ್ಲಿ ಹೀಗಾದ ಕೋಷ್ಟಕವನ್ನು ಆದೇಶ ಕೊಟ್ಟು ದುರಸ್ತಿ ಮಾಡಬೇಕಿತ್ತು. 2010ರಲ್ಲಿ ಬಂದ 5.5ನೇ ಆವೃತ್ತಿಯಿಂದ ಇನ್ನೋಡಿಬಿ ಪೂರ್ವನಿಯೋಜಿತ ವಿಧಾನವಾಯಿತು; ಅದು ಬದಲಾವಣೆಯನ್ನು ಮೊದಲು ಒಂದು ಲಾಗ್‌ನಲ್ಲಿ ಬರೆದಿಟ್ಟು, ವಿದ್ಯುತ್ ಮರಳಿದಾಗ ತಾನೇ ಚೇತರಿಸಿಕೊಳ್ಳುತ್ತದೆ. ಹಳೆಯ ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸಿದ ಕಡೆಗಳಲ್ಲಿ ಹಳೆಯ ಬಗೆಯ ಕೋಷ್ಟಕಗಳು ಹಾಗೆಯೇ ಉಳಿದಿರುವುದುಂಟು.

ರಚನೆ

ಸರ್ವರ್ ವ್ಯವಸ್ಥೆ ಪದರಪದರವಾಗಿರುತ್ತದೆ. ತಳದಲ್ಲಿ ಯಂತ್ರ ಮತ್ತು ಜಾಲ. ಅದರ ಮೇಲೆ ಡೆಬಿಯನ್, ಉಬುಂಟು, ರಾಕಿ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆ. ಅದರ ಮೇಲೆ ಅಪಾಚೆ ಅಥವಾ ಎಂಜಿನ್‌ಎಕ್ಸ್ ವೆಬ್ ಸರ್ವರ್. ಜೊತೆಗೆ ಮರಿಯಾಡಿಬಿ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮುಂತಾದ ದತ್ತಸಂಚಯ. ತುದಿಯಲ್ಲಿ ಪಿಎಚ್‌ಪಿ, ಪೈಥಾನ್, ಜಾವಾ ಭಾಷೆಗಳಲ್ಲಿ ಬರೆದ ಅನ್ವಯ. ದೋಷ ಕಾಣಿಸುವ ಪದರ ಒಂದು, ಇರುವ ಪದರ ಇನ್ನೊಂದು ಆಗಿರುವುದೇ ಹೆಚ್ಚು. ಪ್ರತಿ ಪದರಕ್ಕೂ ಅದರದೇ ಸಮುದಾಯ ಇರುವುದರಿಂದ, ಪದರ ಗೊತ್ತಾಗದೆ ಯಾರನ್ನು ಕೇಳಬೇಕೆಂಬುದು ತಿಳಿಯದು.

ಪದರ ಗುರುತಿಸಲು ವೆಬ್ ಸರ್ವರ್ ಕೊಡುವ ಸಂಖ್ಯೆ ನೆರವಾಗುತ್ತದೆ. 404 ಎಂದರೆ ಕೇಳಿದ ಪುಟ ಇಲ್ಲ; 403 ಎಂದರೆ ಓದಲು ಅನುಮತಿ ಇಲ್ಲ; 500 ಎಂದರೆ ಅನ್ವಯದ ಒಳಗೇ ಎಡವಟ್ಟು; 502 ಎಂದರೆ ಮುಂದಿನ ಸರ್ವರ್ ಸರಿಯಿದೆ, ಅದರ ಬೆನ್ನಿಗಿರುವುದು ಸರಿಯಾಗಿ ಉತ್ತರಿಸುತ್ತಿಲ್ಲ; 504 ಎಂದರೆ ಉತ್ತರ ಬರುವಷ್ಟರಲ್ಲಿ ಗಡುವು ಮೀರಿತು. ಬಳಿಕ ಲಾಗ್ ಓದಬೇಕು. ಲಿನಕ್ಸ್‌ನಲ್ಲಿ ಲಾಗ್‌ಗಳು ರೂಢಿಯಂತೆ ಒಂದೇ ಕಡತಕೋಶದಲ್ಲಿ ಇರುತ್ತವೆ, ಅಥವಾ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕ ತಂತ್ರಾಂಶದ ಬಳಿ ಸಂಗ್ರಹವಾಗಿರುತ್ತವೆ. ಕೊನೆಯ ಸಾಲಿಗಿಂತ ಮೊದಲ ದೋಷದ ಸಾಲು ಮುಖ್ಯ. ಮಿಕ್ಕವು ಅದರ ಪರಿಣಾಮ.

ಪದರ ತಿಳಿದ ಮೇಲೂ ಕಾರಣ ಸಿಗದಿದ್ದಾಗ ಅರ್ಧಿಸುತ್ತ ಹೋಗುವ ವಿಧಾನ ಬಳಕೆಯಲ್ಲಿದೆ. ನೂರು ತಿದ್ದುಪಡಿಗಳಲ್ಲಿ ಯಾವುದರಿಂದ ಕೆಟ್ಟಿತೆಂದು ತಿಳಿಯಲು ಐವತ್ತನೆಯದರ ಬಳಿ ನಿಂತು ಪರೀಕ್ಷಿಸುವುದು. ಅಲ್ಲಿ ಸರಿಯಿದ್ದರೆ ತಪ್ಪು ಮುಂದಿನ ಐವತ್ತರಲ್ಲಿ. ಹೀಗೆ ಏಳು ಪರೀಕ್ಷೆಗಳಲ್ಲಿ ನೂರರ ಹುಡುಕಾಟ ಮುಗಿಯುತ್ತದೆ. ಗಿಟ್‌ನಲ್ಲಿ ಇದಕ್ಕೆಂದೇ ‘ಬೈಸೆಕ್ಟ್’ ಆದೇಶವಿದೆ.

ದೋಷಗಳ ಬಗೆಗಳು

ಅನುಸ್ಥಾಪನೆಯ ದೋಷಗಳಲ್ಲಿ ಹೆಚ್ಚಿನವು ಅವಲಂಬನೆಯವು: ಒಂದು ಪ್ಯಾಕೇಜ್‌ಗೆ ಬೇಕಾದ ಇನ್ನೊಂದರ ಆವೃತ್ತಿ ಹೊಂದದಿರುವುದು. 2020ರ ಜನವರಿ 1ರಂದು ಪೈಥಾನ್ 2ರ ಬೆಂಬಲ ಮುಗಿದಾಗ ಹಳೆಯ ಪಾಠಪುಸ್ತಕಗಳ ಪ್ರೋಗ್ರಾಂಗಳು ಹೊಸ ಗಣಕಗಳಲ್ಲಿ ಮೊದಲ ಸಾಲಿಗೇ ನಿಂತವು.

ಸಂರಚನೆಯ ತಪ್ಪುಗಳಲ್ಲಿ ಪೋರ್ಟ್ ಘರ್ಷಣೆ, ಅಂದರೆ ಕೋರಿಕೆಗೆ ಕಾಯುವ ಒಂದೇ ಸಂಖ್ಯೆಯನ್ನು ಎರಡು ಸೇವೆಗಳು ಹಿಡಿಯಲು ಹೋಗುವುದು, ಸಾಮಾನ್ಯ. ವೆಬ್ ಸರ್ವರ್‌ನ ಪೋರ್ಟ್ 80, ಮೈಎಸ್‌ಕ್ಯೂಎಲ್‌ನದು 3306, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನದು 5432. ಒಂದೇ ಗಣಕದಲ್ಲಿ ಪೋರ್ಟ್ ಬದಲಿಸದೆ ಅಪಾಚೆ ಮತ್ತು ಎಂಜಿನ್‌ಎಕ್ಸ್ ಎರಡನ್ನೂ ಹೂಡಿದರೆ ಎರಡನೆಯದು ಎದ್ದೇಳುವುದಿಲ್ಲ. ಅನುಮತಿಯ ತಪ್ಪುಗಳಿಗೆ ‘ಎಲ್ಲರಿಗೂ ಎಲ್ಲ ಅನುಮತಿ ಕೊಡಿ’ ಎಂಬ 777ರ ಸಲಹೆ ಬಹಳ ಕಡೆ ಸಿಗುತ್ತದೆ. ದೋಷ ಮಾಯವಾಗುವುದು ನಿಜ. ಬಾಗಿಲು ಹಾಕಲಾಗುತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ.

ಸಂಪನ್ಮೂಲದ ಕೊರತೆ ಇನ್ನೊಂದು ಬಗೆ. ಲಾಗ್ ಬೆಳೆದು ಡಿಸ್ಕ್ ತುಂಬಿದರೆ ದತ್ತಸಂಚಯ ಬರೆಯಲಾರದೆ ನಿಲ್ಲುತ್ತದೆ. ಕಡಿಮೆ ಬಾಡಿಗೆಯ 1 ಜಿಬಿ ಸ್ಮೃತಿಯ ಸರ್ವರ್‌ಗಳಲ್ಲಿ ಸ್ಮೃತಿ ಸಾಲದಾದಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನೇ ಒಂದು ಕಾರ್ಯವನ್ನು ಕೊಲ್ಲುತ್ತದೆ, ಅದು ಅನೇಕ ಸಲ ಮೈಎಸ್‌ಕ್ಯೂಎಲ್ ಆಗಿರುತ್ತದೆ. ಬಳಕೆದಾರನಿಗೆ ಕಾಣುವುದು ಮಾತ್ರ ದತ್ತಸಂಚಯಕ್ಕೆ ಸಂಪರ್ಕ ಸಿಗಲಿಲ್ಲ ಎಂಬ ಸಾಲು.

ಕಾಲದ ದೋಷಗಳು ಬೇರೆ. ಸರ್ವರ್ ಅಂತರರಾಷ್ಟ್ರೀಯ ವೇಳೆಯಲ್ಲಿ ಓಡುತ್ತಿದ್ದರೆ ಭಾರತದ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನ ದಾಖಲೆಗಳಿಗೆ ಹಿಂದಿನ ದಿನದ ತಾರೀಕು ಬೀಳುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತ ಬಂದ ಭದ್ರತಾ ಪ್ರಮಾಣಪತ್ರಗಳ ರೂಢಿಯ ಅವಧಿ 90 ದಿನ. ಸ್ವಯಂನವೀಕರಣ ಕೆಟ್ಟಿದ್ದರೆ ತಾಣ ಸರಿಯಿದ್ದೂ ಬ್ರೌಸರ್ ಎಚ್ಚರಿಕೆ ತೋರುತ್ತದೆ.

ಕನ್ನಡ ಲಿಪಿಯ ದೋಷಗಳು

ಮೇಲಿನ ದೋಷಗಳು ಯಾವ ದೇಶದವರಿಗೂ ಬರುವಂಥವು, ಉತ್ತರವೂ ಎಲ್ಲಿಂದಲಾದರೂ ಸಿಗುತ್ತದೆ. ಕನ್ನಡ ಲಿಪಿಯ ದೋಷಗಳು ಹಾಗಲ್ಲ. ಅವು ದೋಷವೆಂದು ಕಾಣಲೇ ಕನ್ನಡ ಬಲ್ಲ ಕಣ್ಣು ಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವಿದೆ. ವ್ಯಂಜನ, ಸ್ವರಚಿಹ್ನೆ, ವ್ಯಂಜನದ ಸ್ವರ ಕಳೆಯುವ ವಿರಾಮಚಿಹ್ನೆಗಳಿಗೆ ಬೇರೆಬೇರೆ ಸಂಕೇತ. ಯುಟಿಎಫ್–8 ವಿಧಾನದಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್. ‘ಭದ್ರಾವತಿ’ ಕಣ್ಣಿಗೆ 4 ಅಕ್ಷರ, ಗಣಕಕ್ಕೆ 8 ಸಂಕೇತ, 24 ಬೈಟ್. ‘ಶಿವಮೊಗ್ಗ’ದ ಲೆಕ್ಕವೂ ಅಷ್ಟೇ: 4 ಅಕ್ಷರ, 8 ಸಂಕೇತ, 24 ಬೈಟ್. ಆದರೆ ಶಿವಮೊಗ್ಗದಲ್ಲಿ ಒಂದು ತೊಡಕಿದೆ. ‘ಮೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಅದೇ ಹೆಸರು 9 ಸಂಕೇತ, 27 ಬೈಟ್ ಆಗುತ್ತದೆ. ಪರದೆಯ ಮೇಲೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬೈಟುಗಳನ್ನೇ ಹೋಲಿಸುವ ಹುಡುಕಾಟದಲ್ಲಿ ಮಾತ್ರ ಒಂದನ್ನು ಕೊಟ್ಟರೆ ಇನ್ನೊಂದು ಸಿಗದು. ಉಳಿಸುವ ಮೊದಲು ಎಲ್ಲ ಪಠ್ಯವನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಅದಕ್ಕೆ ಸಾಮಾನ್ಯೀಕರಣ ಎನ್ನುತ್ತಾರೆ. ಭದ್ರಾವತಿಗೆ ಈ ಪಾಡಿಲ್ಲ.

ರೋಮನ್ ಲಿಪಿಯಲ್ಲಿ ಎರಡೂ ಊರುಗಳಿಗೆ ತೊಂದರೆಯಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಶಿಮೊಗ ಶಿವಮೊಗ್ಗ ಆಯಿತು. ಹಳೆಯ ಮತ್ತು ಹೊಸ ಹೆಸರಿನ ದಾಖಲೆಗಳಿರುವ ಎರಡು ಕೋಷ್ಟಕಗಳನ್ನು ಜೋಡಿಸಿದರೆ ಸಾಲುಗಳು ತಪ್ಪಿಹೋಗುತ್ತವೆ. ಭದ್ರಾವತಿಯ ಇಂಗ್ಲಿಷ್ ಬರವಣಿಗೆಯಲ್ಲಿ ಕೊನೆಯ ‘ತಿ’ಗೆ ‘ಎಚ್’ ಸೇರಿಸುವುದೂ ಇದೆ, ಬಿಡುವುದೂ ಇದೆ. ಊರಿಗೆ ಹೆಸರಿನ ಬದಲು ಸಂಖ್ಯೆಯೊಂದನ್ನು ಕೊಟ್ಟು ಜೋಡಿಸುವುದು ಸರಿಯಾದ ಕ್ರಮ.

ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ಅಕ್ಷರಸಂಕೇತ 2018ರ 8.0 ಆವೃತ್ತಿಯವರೆಗೂ ಯುರೋಪಿನ ಲ್ಯಾಟಿನ್–1. ಅದನ್ನು ಬದಲಿಸದೆ ಕನ್ನಡ ತುಂಬಿದವರಿಗೆ ಎರಡು ಬಗೆಯ ಹಾನಿ ಎದುರಾಗುತ್ತಿತ್ತು. ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಕೋಷ್ಟಕದಲ್ಲಿ ಉಳಿದಿದ್ದರೆ ಮೂಲ ಪಠ್ಯ ಹೋಗಿದೆ, ನಕಲುಪ್ರತಿಯೇ ಗತಿ. ಬಾಲಚಿಹ್ನೆಗಳುಳ್ಳ ರೋಮನ್ ಅಕ್ಷರಗಳ ಗೋಜಲು ಕಂಡರೆ ಬೈಟುಗಳು ಸಾಮಾನ್ಯವಾಗಿ ಉಳಿದಿರುತ್ತವೆ, ಸರಿಯಾದ ಸಂಕೇತವಿಧಾನದಿಂದ ಓದಿಸಿದರೆ ಕನ್ನಡ ಮರಳುತ್ತದೆ. ಈ ಎರಡನ್ನು ಗುರುತಿಸದೆ ದುರಸ್ತಿಗೆ ಕೈಹಾಕಿದವರು ಉಳಿದಿದ್ದನ್ನೂ ಕಳೆದುಕೊಳ್ಳುವ ಸಂಭವವಿದೆ.

ಕಣ್ಣಿಗೆ ಕಾಣದ ಸಂಕೇತಗಳೂ ಇವೆ. ‘ಸರ್ವರ್‌ಗೆ’ ಎಂಬಲ್ಲಿ ರಕಾರದ ವಿರಾಮಕ್ಕೂ ಗಕಾರಕ್ಕೂ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಸಂಕೇತವೊಂದಿದೆ. ಅನವಶ್ಯಕ ಸಂಕೇತಗಳನ್ನು ತೆಗೆಯಲೆಂದು ಬರೆದ ಪ್ರೋಗ್ರಾಂ ಅದನ್ನೂ ತೆಗೆದರೆ ಪದ ‘ಸರ್ವರ್ಗೆ’ ಆಗುತ್ತದೆ. ಕಡತದ ಹೆಸರಿನ ಮಿತಿಯೂ ಹೀಗೆಯೇ ಕಾಡುತ್ತದೆ: ಲಿನಕ್ಸ್‌ನ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದಲ್ಲಿ 85 ಸಂಕೇತ ಮಾತ್ರ. ಸಂಕೇತಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ಳಕಾರ ಲಕಾರದ ಬೆನ್ನಿಗೇ ಬರುತ್ತದೆ. ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ.

ಪಿಎಚ್‌ಪಿಯಿಂದ ಪಿಡಿಎಫ್ ರಸೀದಿ, ಪ್ರಮಾಣಪತ್ರ ಮಾಡುವಾಗ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುವುದು ಮೇಲಿಂದ ಮೇಲೆ ಕೇಳಿಬರುವ ದೂರು. ಅಕ್ಷರಗಳನ್ನು ಕೂಡಿಸುವ ಕೆಲಸ ಹಾರ್ಫ್‌ಬಜ್‌ನಂಥ ಪ್ರತ್ಯೇಕ ತಂತ್ರಾಂಶದ್ದು. ಅದನ್ನು ಬಳಸದ ಪಿಡಿಎಫ್ ಸಲಕರಣೆಗಳಿಗೆ ಎಷ್ಟು ಒಳ್ಳೆಯ ಅಕ್ಷರಶೈಲಿ ಕೊಟ್ಟರೂ ಫಲವಿಲ್ಲ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಬಳಕೆಗೆ ಬಂದ ಗ್ರಂಥಾಲಯ ತಂತ್ರಾಂಶ ಕೋಹಾ ಕರ್ನಾಟಕದ ಕಾಲೇಜು ಗ್ರಂಥಾಲಯಗಳಲ್ಲೂ ಇದೆ. ಅದರಲ್ಲಿ ಕನ್ನಡ ಪುಸ್ತಕ ಹುಡುಕಿದರೆ ಸಿಗದಿರುವುದಕ್ಕೆ ಸಾಮಾನ್ಯ ಕಾರಣ ಸೂಚೀಕರಣ ಯಂತ್ರ ಜೀಬ್ರಾವನ್ನು ಯೂನಿಕೋಡ್ ಪಠ್ಯ ಬಲ್ಲ ಐಸಿಯು ವಿಧಾನಕ್ಕೆ ಹೊಂದಿಸದಿರುವುದು.

ದೋಷವರದಿ

ಸಮುದಾಯದ ಮುಂದಿಡುವ ವರದಿಯಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಮಾಡಿದ ಕೆಲಸ, ನಿರೀಕ್ಷಿಸಿದ ಫಲ, ಬಂದ ಫಲ, ದೋಷಸಂದೇಶದ ಯಥಾಪ್ರತಿ, ಈಗಾಗಲೇ ಮಾಡಿನೋಡಿದ ಪ್ರಯತ್ನಗಳು ಇರಬೇಕು. ‘ವೆಬ್‌ಸೈಟ್ ಓಪನ್ ಆಗ್ತಿಲ್ಲ, ಅರ್ಜೆಂಟ್’ ಎಂಬುದಕ್ಕೆ ಉತ್ತರ ಬರುವುದಿಲ್ಲ. ‘ಉಬುಂಟು 22.04, ಎಂಜಿನ್‌ಎಕ್ಸ್, ಇವತ್ತಿನ ಅಪ್‌ಡೇಟ್ ಆದಮೇಲೆ 502, ಪೋರ್ಟ್ 9000ದಲ್ಲಿ ಸಂಪರ್ಕ ನಿರಾಕರಣೆ ಎಂದು ಲಾಗ್‌ನಲ್ಲಿದೆ’ ಎಂದರೆ ಪಿಎಚ್‌ಪಿ ಸೇವೆ ನಿಂತಿದೆಯೇ ನೋಡಿ ಎಂದು ಬಲ್ಲವರು ಒಂದೇ ಸಾಲಿನಲ್ಲಿ ಹೇಳಬಲ್ಲರು.

ಪರದೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವುದು ವಾಟ್ಸ್‌ಆ್ಯಪ್ ಕಾಲದ ರೂಢಿ. ಚಿತ್ರದೊಳಗಿನ ಸಂದೇಶವನ್ನು ನಕಲಿಸಲಾಗದು, ಮುಂದಿನವರು ಹುಡುಕಿದರೆ ಸಿಗದು. ಆದ್ದರಿಂದ ಸಂದೇಶವನ್ನು ಪಠ್ಯವಾಗಿಯೇ ಕೊಡಬೇಕು. ಉದ್ದದ ಪ್ರೋಗ್ರಾಂ ಇದ್ದರೆ ದೋಷ ಉಳಿಯುವಷ್ಟು ಮಾತ್ರ ಇಟ್ಟು ಮಿಕ್ಕದ್ದನ್ನು ಕತ್ತರಿಸಿದ ಕಿರು ಉದಾಹರಣೆ ಕೊಡುವುದು ಕ್ರಮ. ಹೀಗೆ ಕತ್ತರಿಸುವಾಗಲೇ ಕಾರಣ ಹೊಳೆದು ಪ್ರಶ್ನೆ ಕೇಳದೆ ಮುಗಿಯುವುದೂ ಉಂಟು. ಮೂಲ ತೊಂದರೆಯನ್ನು ಹೇಳದೆ, ತನಗೆ ತೋಚಿದ ಅಡ್ಡಪರಿಹಾರದ ಬಗ್ಗೆ ಮಾತ್ರ ಕೇಳುವುದು ವರದಿಗಳಲ್ಲಿ ಕಾಣುವ ದೊಡ್ಡ ಲೋಪ.

ಭಾಷೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಗಣಕದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದ್ದರೆ ಕೆಲವು ದೋಷಸಂದೇಶಗಳೂ ಕನ್ನಡದಲ್ಲಿ ಬರುತ್ತವೆ. ಓದಲು ಹಿತ, ಆದರೆ ಅದೇ ಸಂದೇಶ ಹಾಕಿ ಹುಡುಕಿದರೆ ಉತ್ತರ ಸಿಗುವುದು ವಿರಳ. ಆ ಒಂದು ಆದೇಶಕ್ಕೆ ಮಾತ್ರ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ ಸಂದೇಶವನ್ನು ಮತ್ತೊಮ್ಮೆ ಪಡೆಯುವುದು ಬಲ್ಲವರ ಉಪಾಯ. ಇಂಗ್ಲಿಷ್ ವ್ಯಾಕರಣ ತಪ್ಪಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ, ಆವೃತ್ತಿಯ ಸಂಖ್ಯೆ ತಪ್ಪಿದ್ದರೆ ಆಕ್ಷೇಪಿಸುತ್ತಾರೆ. ಪರಿಹಾರ ಸಿಕ್ಕಿದ ಮೇಲೆ ಯಾವುದರಿಂದ ಸರಿಯಾಯಿತೆಂದು ಅಲ್ಲೇ ಬರೆಯುವುದು ಕೇಳಿದವರ ಕರ್ತವ್ಯವೆನಿಸಿಕೊಂಡಿದೆ.

ಮಿತಿಗಳು

ಉತ್ತರ ಇಂತಿಷ್ಟು ಹೊತ್ತಿನೊಳಗೆ ಬರುತ್ತದೆಂಬ ಭರವಸೆ ಇಲ್ಲ. ಆಸ್ಪತ್ರೆ, ಬ್ಯಾಂಕುಗಳಂಥ ಕಡೆ ಮುಕ್ತ ತಂತ್ರಾಂಶಕ್ಕೂ ಹಣ ಕೊಟ್ಟು ಬೆಂಬಲ ಪಡೆಯುವುದು ಈ ಕಾರಣಕ್ಕೆ. ಅಪರಿಚಿತರು ಕೊಟ್ಟ ಆದೇಶವನ್ನು ಅರ್ಥ ತಿಳಿಯದೆ ಓಡಿಸಿ ಕಡತಗಳನ್ನು ಕಳೆದುಕೊಳ್ಳುವ ಅಪಾಯವೂ ಇದೆ. ಲಾಗ್ ಹಂಚುವಾಗ ಗುಪ್ತಪದ, ಫೋನ್ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಅಳಿಸಬೇಕು. ಭದ್ರತಾಲೋಪ ಕಂಡರೆ ಬಹಿರಂಗವಾಗಿ ಬರೆಯದೆ ತಂತ್ರಾಂಶದವರಿಗೆ ಖಾಸಗಿಯಾಗಿ ತಿಳಿಸುವುದು ಒಪ್ಪಿತ ನಡೆ. ಸೈಬರ್ ದಾಳಿಯಂಥ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ.

ಈಗಿನ ಸ್ಥಿತಿ

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಶ್ನೋತ್ತರ ತಾಣಗಳಲ್ಲಿ ಹೊಸ ಪ್ರಶ್ನೆಗಳು ಇಳಿಮುಖವಾಗಿವೆ. ಯಂತ್ರ ಬರೆದ ಉತ್ತರಗಳನ್ನು ಸ್ಟ್ಯಾಕ್ ಓವರ್‌ಫ್ಲೋ ಅದೇ ವರ್ಷದ ಡಿಸೆಂಬರಿನಲ್ಲಿ ನಿಷೇಧಿಸಿತು. ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವ ಅನುಕೂಲ ಹೊಸ ಸಲಕರಣೆಗಳಿಂದ ಆಗಿದೆ. ಆದರೆ ಅಲ್ಲಿನ ಮಾತುಕತೆ ಖಾಸಗಿಯಾಗಿಯೇ ಉಳಿದು, ಲ್ಯಾಬ್‌ನ ಬಾಯಿಮಾತಿನಂತೆ ಇನ್ನೊಬ್ಬರ ಕೈಗೆ ಸಿಗದೆ ಹೋಗುತ್ತದೆ.

ಮಾನವ ಗಮನಕ್ಕೆ ಬದಲಿಯಿಲ್ಲವೆಂಬುದಕ್ಕೆ 2024ರ ಮಾರ್ಚ್ 29ರ ಘಟನೆಯನ್ನು ಉದಾಹರಿಸುತ್ತಾರೆ. ಸರ್ವರ್‌ಗೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್, ಕಾರಣ ಹುಡುಕುತ್ತ ಹೋಗಿ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಯಾರೋ ಅಡಗಿಸಿಟ್ಟಿದ್ದ ಹಿಂಬಾಗಿಲನ್ನು ಬಯಲಿಗೆಳೆದರು. ಆ ತಂತ್ರಾಂಶ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಒಬ್ಬ ಸ್ವಯಂಸೇವಕನ ದುಡಿಮೆಯಿಂದ. ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ನೀಡುವ ನಿಧಿಯನ್ನು ಬೆಂಗಳೂರಿನ ಜೆರೋಧಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು.

ಹಳೆಯ ಆವೃತ್ತಿಗಳ ಪ್ರಶ್ನೆಗಳಿಗೆ ಸಮುದಾಯ ಕೊಡುವ ಮೊದಲ ಉತ್ತರ ಸಾಮಾನ್ಯವಾಗಿ ‘ಮೇಲ್ದರ್ಜೆಗೆ ಏರಿಸಿ’ ಎಂಬುದೇ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೂ, ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೂ ಮುಗಿಯಿತು. ಉಬುಂಟು 22.04ರ ಗಡುವು 2027, 24.04ರದು 2029.